ಕಟ್ಟೆ ಮೇಲಿನ ಕಾಯಿ

ಆನ್‌ಲೈನಿನಲ್ಲಿ ಬಂದ ಮೇಡಂ ಹೇಳಿದರು:
ಕಣ್ಣು ಮುಚ್ಚಿ. ಉಸಿರು ದೀರ್ಘವಾಗಿ ಒಳಗೆಳೆದುಕೊಳ್ಳಿ.
ಹರಿಯುವ ನದಿಯೊಂದನ್ನು ನೆನೆಯಿರಿ.
ಮುಚ್ಚಿದೆ.
ನದಿ ಬರಲಿಲ್ಲ, ಹದಿನೇಳನೇ ಬೆಡ್ಡು ಬಂತು,
ಪಕ್ಕದ ಬಾಟಲಿಯಲ್ಲಿ ಗುಳುಗುಳು ಆಕ್ಸಿಜನ್ನು.
ಉಸಿರನ್ನು ಲೀಟರಿನಲ್ಲಿ ಅಳೆಯುವವರು ನಾವು,
ಪುಕ್ಕಟೆ ಎಳೆದುಕೊಳ್ಳಲು ನಾಚಿಕೆಯಾಗುತ್ತದೆ ಮೇಡಂ.

ಆಮೇಲೊಂದು ಫಾರಂ ಬಂತು.
ನಿಮ್ಮ ಒತ್ತಡವನ್ನು ಒಂದರಿಂದ ಹತ್ತರೊಳಗೆ ಗುರುತಿಸಿ.
ಚಿಕ್ಕತಾಯಿ ಇಣುಕಿ ನೋಡಿ ಅಂದಳು,
"ಹತ್ತು ಎಲ್ಲೈತವ್ವ? ನಮ್ಮಾಟ ಎಂಟಕ್ಕೇ ನಿಂತೋಯ್ತದೆ."

ಧನ್ವಂತ್ರಿ ರಸ್ತೆಯ ಲಾಡ್ಜು, ಮೂರನೇ ಮಹಡಿ.
ಪಾಳಿ ಮುಗಿದರೆ ಇಲ್ಲಿ, ಪಾಳಿಯಿಲ್ಲದ ವಾರವೂ ಇಲ್ಲಿ.
ಮದುವೆಗೆ ಬಂದವರು ಉಳಿಯುತ್ತಿದ್ದ ರೂಮುಗಳಲ್ಲಿ
ಮನೆಗೆ ಹೋಗಬಾರದ ನಾವು.
ಗ್ಲೌಸು ಬಂದ ರಟ್ಟಿನ ಡಬ್ಬ ಹರಿದು
ನಫೀಸಾ ಮಾರ್ಕರಿನಲ್ಲಿ ಗೆರೆ ಎಳೆದಳು,
ಪಿಪಿಇ ಬೆನ್ನಿಗೆ ನಮ್ಮ ಹೆಸರು ಬರೆಯುವ ಅದೇ ಮಾರ್ಕರು.
ಐದೈದ್ಲಿ ಇಪ್ಪತ್ತೈದು ಮನೆ.
ನಾಲ್ಕು ದಿಕ್ಕಿಗೆ ಕತ್ತರಿಗೆರೆ ಹಾಕಿದ ನಾಲ್ಕು ಕಟ್ಟೆ, ನಡುವೆ ಒಂದು.
ಕಾಯಿಗೆ ಇಂಜೆಕ್ಷನ್ ಸೀಸೆಯ ಮುಚ್ಚಳ:
ಕೆಂಪು ಚಿಕ್ಕತಾಯಿಗೆ, ಹಳದಿ ನಫೀಸಾಗೆ, ನೀಲಿ ನನಗೆ,
ಬೂದು ಸೆಲಿನ್ ಸಿಸ್ಟರಿಗೆ, ಅವರೇ ಆರಿಸಿಕೊಂಡದ್ದು,
"ತಲೆಗೂದಲಿಗೆ ಮ್ಯಾಚಿಂಗು" ಎಂದು.
ಹುಣಸೆ ಬೀಜ ಲಾಡ್ಜಿನ ಅಡುಗೆಯವನದು,
ಸಾರಿಗೆ ಕಿವುಚಿ ಉಳಿದದ್ದನ್ನು
ಬಾಗಿಲಲ್ಲಿಟ್ಟು, ಬೆಲ್ಲು ಒತ್ತಿ, ಓಡಿದ.
ಅರ್ಧ ದಿನ ಸಿಮೆಂಟಿಗೆ ತಿಕ್ಕಿದೆವು
ಒಂದು ಮೈ ಬೆಳ್ಳಗಾಗುವವರೆಗೆ.
ಆ ತಿಕ್ಕುವುದರಲ್ಲೇ ಏನೋ ಒಂದಿಷ್ಟು ಸವೆಯಿತು ಅನ್ನಿ.

ಚೌಕ! ಎಂದು ನಫೀಸಾ ಕೂಗಿದರೆ
ಬಿಕೋ ಎನ್ನುವ ರಸ್ತೆಯಲ್ಲಿ
ಟಾಂಗಾ ಕುದುರೆಯೊಂದು ಕಿವಿ ನಿಮಿರಿಸುತ್ತಿತ್ತು.
ಸವಾರಿಯಿಲ್ಲದೆ ಗಾಡಿ ಬಿಚ್ಚಿದ ಕುದುರೆ
ಮುಚ್ಚಿದ ಬೇಕರಿ ಮುಂದೆ ರಟ್ಟು ಮೇಯುತ್ತಿತ್ತು.
ಚಿಕ್ಕತಾಯಿ ಮೋಸಗಾತಿ,
ಮೂರು ಬಿದ್ದರೆ ನಾಲ್ಕು ನಡೆಸುವಳು.
ಡ್ರಿಪ್ಪಿನ ಹನಿಗಳನ್ನು ಒಂದೂ ತಪ್ಪದೆ ಎಣಿಸುವವಳಿಗೆ
ತಪ್ಪೆಣಿಸುವುದೇ ಇಲ್ಲಿ ಸುಖ.
ಜಗಳವಾಡಿದೆವು, ಜೋರಾಗಿ, ಮಾಸ್ಕಿಲ್ಲದೆ,
ಹಲ್ಲು ಕಾಣುವಂತೆ.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಕಟ್ಟೆ ಮೇಲೆ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ.
ಬಯಲಲ್ಲಿ ಸಿಕ್ಕರೆ ಕಡಿದಂತೆಯೇ, ಮತ್ತೆ ಮೊದಲಿಂದ.
ಒಂದನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ.
ಸುತ್ತಿ ಸುತ್ತಿ ನಡುಮನೆ ಸೇರಿದರೆ
ಕಾಯಿ ಹಣ್ಣಾಯಿತು ಅನ್ನುತ್ತೇವೆ.
ವಾರ್ಡಿಗೂ ಆ ಮಾತು ಅಂಟಿತು:
"ಇಪ್ಪತ್ತೆರಡನೇ ಬೆಡ್ಡಿನ ಬಳೆ ಅಜ್ಜಿ ಹಣ್ಣಾದರು, ಆಟೋ ಕರೆಸಿ."
ಹೊಸ ಡಾಕ್ಟರು ಗಾಬರಿಬಿದ್ದರು.
ದುಡಿದು ಹಣ್ಣಾಗುವುದು ಬೇರೆ. ಅದನ್ನು ಆಡಿ ತೋರಿಸಬೇಕಿಲ್ಲ.

ಒಂದು ಬೆಳಗಿನ ಜಾವ
ಬೋರ್ಡಿನಿಂದ ಮೂರು ಹೆಸರು ಒದ್ದೆ ಹತ್ತಿಯಲ್ಲಿ ಒರೆಸಿ ಬಂದಿದ್ದೆವು.
ಮೂರನೆಯವರು, ನನ್ನ ಕೈಯಲ್ಲಿ ಫೋನು ಹಿಡಿಸಿ
ಮಗಳನ್ನು "ನಲ್ಲೀಲಿ ನೀರು ಬಂತಾ" ಎಂದು ಕೇಳಿದವರು.
ಯಾರೂ ಮಲಗಲಿಲ್ಲ. ರಟ್ಟು ಹಾಸಿದೆವು.
ನನಗೆ ಎರಡು ಬಿತ್ತು.
ಎರಡು ಮನೆಯಾಚೆ ಸೆಲಿನ್ ಸಿಸ್ಟರ ಬೂದು ಕಾಯಿ, ಬಯಲಲ್ಲಿ.
ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.
ಮೂವತ್ತೊಂದು ವರ್ಷ ಸರ್ವೀಸಿನ ಸೆಲಿನ್ ಸಿಸ್ಟರು
ರಟ್ಟು ನೋಡುತ್ತಲೇ ಅಂದರು:
"ಇವತ್ತು ಕಡಿಯೋದು ಬೇಡ. ಒಂದೇ ಮನೇಲಿ ಇಬ್ಬರೂ ಇರಲಿ."

ಹಾಗೇ ಆಡಿದೆವು.
ಒಳಸುತ್ತಿಗೆ ಯಾರಿಗೂ ದಾರಿಯಾಗಲಿಲ್ಲ, ಯಾರೂ ಗೆಲ್ಲಲಿಲ್ಲ.
ಕೆಂಪಿನ ಮೇಲೆ ಬೂದು, ಬೂದಿನ ಮೇಲೆ ನೀಲಿ,
ಮುಚ್ಚಳಗಳು ಹೊರಸುತ್ತಿನಲ್ಲೇ ತಿರುಗಿದವು
ಕೆಳಗೆ ಗೊರಸಿನ ಸದ್ದು ದಾಟಿ ಹೋಗುವವರೆಗೆ,
ನಫೀಸಾ ಬೀಜ ಮುಷ್ಟಿಯಲ್ಲಿ ಹಿಡಿದೇ
ಗೋಡೆಗೊರಗಿ ನಿದ್ದೆಹೋಗುವವರೆಗೆ.
ಚಿಕ್ಕತಾಯಿ ಹೊದಿಸಿದಳು,
ಬೀಜ ಬಿಡಿಸಿಕೊಳ್ಳಲಿಲ್ಲ.

ಫಾರಂ ಇನ್ನೂ ಕಳಿಸಿಲ್ಲ.
ಕೊನೇ ಪ್ರಶ್ನೆ: ನಿಮಗೆ ನೆರವಾದದ್ದು ಏನು?
ಎರಡು ಸಾಲಿನ ಜಾಗ ಬಿಟ್ಟಿದ್ದಾರೆ.
ಅಲ್ಲೊಂದು ಸಣ್ಣ ಮನೆ ಬರೆದು
ಮೂಲೆಯಿಂದ ಮೂಲೆಗೆ
ಎರಡು ಗೆರೆ ಎಳೆದಿದ್ದೇನೆ.